ಗಾಳಿ ಬಂದು ಹೋದ ಮೇಲೆ



ಕಳೆದ ಬೇಸಿಗೆಯ ಒಂದು ಸಂಜೆ ಸೊಲ್ಲಾಪುರ ರಸ್ತೆಯ ನಮ್ಮ ಮನೆಗೆ ತಿಕೋಟಾ ಕಡೆಯ ದಂಪತಿಗಳು ಬಂದಿದ್ದರು. ದ್ರಾಕ್ಷಿ ಬೆಳೆಯುವ ಒಕ್ಕಲುತನದ ಮನೆತನ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿಕೊಳ್ಳುವವರಲ್ಲ. ಅವರ ಮಗ ಬೇರೆ ಜಿಲ್ಲೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅದಕ್ಕೂ ಹದಿನೈದು ದಿನ ಮೊದಲು ಅಲ್ಲಿ ಮುಸ್ಸಂಜೆಗೆ ಬಿರುಗಾಳಿ ಎದ್ದು, ಹಾಸ್ಟೆಲಿನ ಊಟದ ಶೆಡ್ಡಿನ ಪತ್ರಾಸು ಕಿತ್ತು ಹಾರಿತ್ತು. ಹುಡುಗನ ತಲೆಗೆ ಏಳು ಹೊಲಿಗೆ ಬಿದ್ದವು. ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಅವನ ಕೋಣೆಯ ಗೆಳೆಯನಿಗೆ ಬೆನ್ನುಹುರಿಗೆ ಪೆಟ್ಟಾಗಿ, ಅವನು ಆಸ್ಪತ್ರೆಯ ಹಾಸಿಗೆ ಹಿಡಿದಿದ್ದ.

ತಂದೆ ಹೇಳಿದರು: "ಸಾಹೇಬ್ರ, ಹುಡುಗನ ಜಾತಕದಾಗ ದೋಷ ಐತಂತ. ಶಾಂತಿ ಮಾಡಸ್ಬೇಕಂತ. ಇಪ್ಪತ್ತೊಂದು ಸಾವಿರ ಆಗ್ತೈತಿ ಅಂದಾರ. ಅಪ್ಪಾವರನ್ನ ಕೇಳೂಕಿಂತ ಮೊದಲ ನಿಮ್ಮನ್ನ ಒಂದು ಮಾತು ಕೇಳೂಣಂತ ಬಂದ್ವಿ."

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಚಹಾ ಆರಿದ ಮೇಲೆ ಬಾಯಿ ಬಿಟ್ಟರು: "ಬಂದೋರೆಲ್ಲಾ ನಿಮ್ಮ ಲಿಂಗಪೂಜಾದ ಪುಣ್ಯಾದಿಂದ ಹುಡುಗ ಉಳದಾ ಅಂತಾರ್ರಿ. ನಾನೂ ಹೂಂ ಅಂದೆ. ರಾತ್ರಿ ಮಾತ್ರ ನಿದ್ದಿ ಹತ್ತವಲ್ದು. ನಮ್ಮ ಹುಡುಗನ್ನ ಉಳಿಸಿದಾಂವ ಆ ಹುಡುಗನ್ನ ಯಾಕ ಬಿಟ್ಟ? ಅವರವ್ವನೂ ದಿನಾ ಪೂಜಾ ಮಾಡ್ತಾಳ್ರಿ."

ಈ ತಿಂಗಳ ಸಂಪಾದಕೀಯಕ್ಕೆ ಆ ತಾಯಿಯ ಪ್ರಶ್ನೆಯೇ ವಿಷಯ. ತಂದೆಯ ಪ್ರಶ್ನೆಗೆ ಉತ್ತರ ಸುಲಭ. ಬಸವಾದಿ ಶರಣರು ಗ್ರಹಗತಿ, ಪಂಚಾಂಗ, ಒಳ್ಳೆಯ ಗಳಿಗೆ ಕೆಟ್ಟ ಗಳಿಗೆ ಎಲ್ಲವನ್ನೂ ಎಂಟುನೂರು ವರ್ಷಗಳ ಹಿಂದೆಯೇ ಕಳಚಿಹಾಕಿದರು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದವನಿಗೆ ಶನಿಯ ಭಯವೇಕೆ ಎಂದು ನಮ್ಮ ಮಠಗಳಲ್ಲಿ ಪ್ರತಿ ಶ್ರಾವಣದಲ್ಲೂ ಹೇಳುತ್ತೇವೆ. ಆದರೆ ತಾಯಿಯ ಪ್ರಶ್ನೆ ನಮ್ಮಂಥ ಸುಧಾರಕರನ್ನೂ ಕಾಡಬೇಕಾದದ್ದು. "ದೋಷದಿಂದ ಪೆಟ್ಟಾಯಿತು" ಎನ್ನುವುದು ಮೂಢನಂಬಿಕೆಯಾದರೆ, "ಪೂಜೆಯಿಂದ ಉಳಿದ" ಎನ್ನುವುದು ಏನು? ಎರಡೂ ಒಂದೇ ಲೆಕ್ಕದ ಎರಡು ಬದಿ. ಉಳಿದವನ ಖಾತೆಗೆ ಪುಣ್ಯ ಬರೆದರೆ, ಹಾಸಿಗೆ ಹಿಡಿದವನ ಖಾತೆಗೆ ತಾನಾಗಿಯೇ ಪಾಪ ಬರೆದಂತಾಗುತ್ತದೆ.

ಈ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. 1978ರ ಮಾರ್ಚ್ 17ರಂದು ದೆಹಲಿ ವಿಶ್ವವಿದ್ಯಾಲಯದ ಸುತ್ತಲಿನ ಬಡಾವಣೆಗಳ ಮೇಲೆ ಸುಂಟರಗಾಳಿ ಹಾದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2008ರ ಫೆಬ್ರವರಿ 5ರ ಸಂಜೆ ಅಮೆರಿಕದ ಟೆನ್ನೆಸ್ಸಿ ರಾಜ್ಯದ ಜ್ಯಾಕ್ಸನ್ ಊರಿನಲ್ಲಿ ಯೂನಿಯನ್ ವಿಶ್ವವಿದ್ಯಾಲಯಕ್ಕೆ ಇನ್ನೂ ದೊಡ್ಡ ಸುಂಟರಗಾಳಿ ಬಡಿಯಿತು. ಅದು ಕ್ರೈಸ್ತ ಬ್ಯಾಪ್ಟಿಸ್ಟ್ ಪಂಥದ ಸಂಸ್ಥೆ. ಅಲ್ಲಿ ಇಎಫ್-4 ಎಂದು ಕರೆಯುವ ದರ್ಜೆಯ ಗಾಳಿ. ಅಂದರೆ ಗಂಟೆಗೆ ಸುಮಾರು 270ರಿಂದ 320 ಕಿಲೋಮೀಟರ್ ವೇಗ. ವಿದ್ಯಾರ್ಥಿ ನಿಲಯಗಳು ಕುಸಿದವು. ಕೆಲವು ಹುಡುಗರು ಗಂಟೆಗಟ್ಟಲೆ ಅವಶೇಷಗಳಡಿ ಸಿಕ್ಕಿಬಿದ್ದಿದ್ದರು. 51 ವಿದ್ಯಾರ್ಥಿಗಳನ್ನು ಆಸ್ಪತ್ರೆಗೆ ಒಯ್ದರು. ಒಬ್ಬರೂ ಸಾಯಲಿಲ್ಲ.

ಅಲ್ಲಿನ ತಂದೆತಾಯಿಗಳೂ ನಮ್ಮವರಂತೆಯೇ, ದೇವರು ಕಾಪಾಡಿದ ಎಂದರು. ಅದರಲ್ಲಿ ತಪ್ಪೇನಿಲ್ಲ, ಮಗನ ದನಿ ಫೋನಿನಲ್ಲಿ ಕೇಳಿದಾಗ ಯಾವ ತಾಯಿಯ ಬಾಯಿಂದಲೂ ಬರುವ ಮಾತು ಅದು. ಆದರೆ ಅದೇ ಗಾಳಿಯ ಸಾಲಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿಯೂ ಪ್ರಾರ್ಥನೆ ಮಾಡುವವರು ಇದ್ದೇ ಇದ್ದರು. ಆ ಕ್ಯಾಂಪಸ್ಸಿನಲ್ಲಿ ಸಾವು ಆಗದಿರಲು ಕಣ್ಣಿಗೆ ಕಾಣುವ ಕಾರಣಗಳಿದ್ದವು. ಹವಾಮಾನ ಇಲಾಖೆಯ ಎಚ್ಚರಿಕೆ ಮೊದಲೇ ಬಂದಿತ್ತು, ಸೈರನ್ ಮೊಳಗಿತ್ತು. ಮಕ್ಕಳನ್ನು ಮಹಡಿಗಳಿಂದ ಇಳಿಸಿ, ನೆಲಮಹಡಿಯ ಕಿಟಕಿಯಿಲ್ಲದ ಸ್ನಾನದ ಕೋಣೆಗಳಲ್ಲಿ ಒತ್ತೊತ್ತಾಗಿ ಕೂರಿಸಿದ್ದರು. ಎಲ್ಲಿಗೆ ಹೋಗಬೇಕೆಂದು ಮಕ್ಕಳಿಗೆ ಗೊತ್ತಿತ್ತು. ದೇವರ ಕೈ ಅಲ್ಲಿ ಕೆಲಸ ಮಾಡಿದ್ದರೆ, ಅದು ಎಚ್ಚರಿಕೆ ಬರೆದವನ ಕೈಯಲ್ಲಿ, ಬಾಗಿಲು ಬಡಿದು ಮಕ್ಕಳನ್ನು ಎಬ್ಬಿಸಿದವನ ಕೈಯಲ್ಲಿ ಕೆಲಸ ಮಾಡಿತು. ನಮ್ಮ ಶರಣರು ಅದನ್ನು ಕಾಯಕ ಎಂದರು.

ಇಲ್ಲಿ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು. ಮೂವತ್ತು ವರ್ಷಗಳ ಹಿಂದಿನ ಮಾತು. ನಾನಾಗ ಕಿರಿಯ ಎಂಜಿನಿಯರ್. ಹಳ್ಳಿಯೊಂದರ ಶಾಲೆಗೆ ಪತ್ರಾಸಿನ ಶೆಡ್ ಕಟ್ಟಿಸಿದ್ದೆವು. ನಕ್ಷೆಯಲ್ಲಿ ಪ್ರತಿ ಪರ್ಲಿನ್ನಿಗೂ ಜೆ ಬೋಲ್ಟು ಹಾಕಬೇಕೆಂದಿತ್ತು. ಸ್ಥಳಕ್ಕೆ ಹೋದಾಗ ಒಂದು ಬಿಟ್ಟು ಒಂದಕ್ಕೆ ಹಾಕಿದ್ದರು. ಮಾರ್ಚ್ ಕೊನೆಯ ವಾರ, ಬಿಲ್ಲು ಆಗಬೇಕು, ಹಣ ವಾಪಸ್ಸು ಹೋಗುತ್ತದೆ ಎಂಬ ಗಡಿಬಿಡಿ. ಏಣಿ ಹತ್ತಿ ನೋಡಿದವನು ನಾನೇ, ಇಳಿದು ಬಂದು ಎಂ.ಬಿ. ಬರೆದವನೂ ನಾನೇ. ಮೇ ತಿಂಗಳ ಗಾಳಿಗೆ ಅರ್ಧ ಛಾವಣಿ ಹಾರಿ ಪಕ್ಕದ ಹೊಲದಲ್ಲಿ ಬಿತ್ತು. ಶಾಲೆಗೆ ರಜೆಯಿತ್ತು. ಊರವರು, "ದೇವರು ದೊಡ್ಡಾಂವ, ಮಕ್ಕಳು ಇರಲಿಲ್ಲ" ಎಂದರು. ಎಲ್ಲರಿಗಿಂತ ಮೊದಲು ಆ ಮಾತಿಗೆ ಕೈ ಮುಗಿದವನು ನಾನು. ಆ ದಿನ ನನಗೆ ದೇವರು ಬೇಕಾದದ್ದು ನನ್ನ ಸಹಿಯನ್ನು ಮುಚ್ಚಿಕೊಳ್ಳಲು. ಇಷ್ಟು ವರ್ಷ ಇದನ್ನು ಬರೆಯಲಿಲ್ಲ. ಆ ತಾಯಿಯ ಮುಂದೆ ಕೂತಾಗ ಇನ್ನು ಬಚ್ಚಿಡುವುದು ಸರಿಯಲ್ಲ ಎನಿಸಿತು.

ಗಾಳಿಯ ಲೆಕ್ಕ ಬಹಳ ಸರಳ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 25 ಕಿಲೋಗ್ರಾಂ ಭಾರದಷ್ಟು ಒತ್ತಡ ತರುತ್ತದೆ. 144 ಕಿಲೋಮೀಟರ್ ಆದರೆ ಅದು ನೂರರ ಹತ್ತಿರ ಹೋಗುತ್ತದೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಪತ್ರಾಸಿನ ಸ್ವಂತ ತೂಕ ಹದಿನೈದು ಕಿಲೋಗ್ರಾಂ ಇರಬಹುದು. ಅಂಥ ಗಾಳಿ ಅದನ್ನು ಮುನ್ನೂರು ಕಿಲೋಗ್ರಾಂ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಹಿಡಿದಿಡುವುದು ಬೋಲ್ಟು ಮಾತ್ರ. ನಮ್ಮ ಕಡೆ ಪತ್ರಾಸಿನ ಮೇಲೆ ಕಲ್ಲು ಹೇರುವ ರೂಢಿಯಿದೆ. ದೊಡ್ಡ ಗಾಳಿಗೆ ಆ ಕಲ್ಲು ತಡೆಯಾಗುವುದಿಲ್ಲ. ಪತ್ರಾಸಿನ ಜೊತೆ ಎದ್ದು ಯಾರದೋ ತಲೆಯ ಮೇಲೆ ಬೀಳುತ್ತದೆ. ಈ ಲೆಕ್ಕದಲ್ಲಿ ಜಾತಕಕ್ಕೆ ಜಾಗವಿಲ್ಲ. ಲಿಂಗಪೂಜೆಗೂ ಇಲ್ಲ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ನಮ್ಮ ಹಿರಿಯರಿಗೆಲ್ಲ ನೆನಪಿದೆ. ಲಾತೂರ, ಉಸ್ಮಾನಾಬಾದ ಕಡೆ ಸುಮಾರು ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಲಿಂಗವಂತರ ಮನೆಗಳೂ ಎಷ್ಟೋ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ, ಇವು ಮಲಗಿದ್ದವರ ಮೇಲೆ ಬಿದ್ದವು. ಅಲ್ಲಿ ಸತ್ತವರೆಲ್ಲ ಭಕ್ತಿಹೀನರೆಂದು ಹೇಳುವ ಧೈರ್ಯ ಯಾರಿಗಿದೆ?

ಹಾಗಾದರೆ ನಂಬಿಕೆ ಯಾತಕ್ಕೆ ಎಂದು ನೀವು ಕೇಳಬಹುದು. ಆ ತಂದೆ ಕೇಳಿಯೇ ಬಿಟ್ಟರು. ಅದಕ್ಕೆ ಉತ್ತರವನ್ನು ನಾನು ಎರಡು ಕಡೆ ಕಂಡಿದ್ದೇನೆ.

ಒಂದು, ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ಚಳಗೇರಿ. ಅಲ್ಲಿನ ಮನೆಯೊಂದರ ಮಗ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಫೆಬ್ರವರಿ 24ರಂದು ಯುದ್ಧ ಶುರುವಾಯಿತು. ಮಾರ್ಚ್ 1ರಂದು ಊಟದ ಸಾಮಾನು ತರಲು ಹೊರಬಿದ್ದ ಹುಡುಗ ದಾಳಿಗೆ ಸಿಕ್ಕು ತೀರಿಕೊಂಡ. ಅದು ಗಾಳಿಯಲ್ಲ, ಮನುಷ್ಯರೇ ಹಾರಿಸಿದ ಬೆಂಕಿ. ಆದರೂ ದೂರದ ಊರಲ್ಲಿ ಓದುವ ಮಗನ ಮೇಲೆ ಆಕಾಶದಿಂದ ಮೃತ್ಯು ಬಿದ್ದದ್ದು ತಂದೆತಾಯಿಗೆ ಒಂದೇ. ಇಪ್ಪತ್ತು ದಿನ ಕಾದ ಮೇಲೆ, ಮಾರ್ಚ್ 21ರಂದು ಪಾರ್ಥಿವ ಶರೀರ ಊರಿಗೆ ಬಂತು. ವೀರಶೈವ ಲಿಂಗಾಯತ ಪದ್ಧತಿಯಂತೆ ಮನೆಯಲ್ಲಿ ಪೂಜೆ ನಡೆಯಿತು. ಊರು ದರ್ಶನ ಪಡೆಯಿತು. ಆಮೇಲೆ ಅವರು ಮಗನನ್ನು ಸಮಾಧಿ ಮಾಡಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಕಲಿಯಲೆಂದು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಮಹಾವಿದ್ಯಾಲಯಕ್ಕೆ ದೇಹವನ್ನು ಒಪ್ಪಿಸಿದರು. ಡಾಕ್ಟರಾಗಬೇಕಿದ್ದವನು ಡಾಕ್ಟರಾಗುವವರಿಗೆ ಪಾಠವಾದ. ದೇವರು ನಮ್ಮ ಮಗನನ್ನು ಯಾಕೆ ಉಳಿಸಲಿಲ್ಲ ಎಂಬ ಪ್ರಶ್ನೆಗೆ ಆ ಮನೆಗೆ ಉತ್ತರ ಸಿಕ್ಕಿತೋ ಇಲ್ಲವೋ, ಉತ್ತರ ಸಿಗುವವರೆಗೆ ಅವರು ಕಾಯಲಿಲ್ಲ. ಉಳಿದದ್ದನ್ನು ದಾಸೋಹ ಮಾಡಿದರು.

ಇನ್ನೊಂದು ನಮ್ಮ ರಸ್ತೆಯಲ್ಲೇ ಇದೆ. ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾದರು. 2014ರ ಗುರುಪೂರ್ಣಿಮೆಯಂದೇ ಅವರು ಅಂತಿಮ ಅಭಿವಂದನ ಪತ್ರ ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿ ಇಡಬಾರದು, ಅಗ್ನಿಗೆ ಅರ್ಪಿಸಬೇಕು. ಶ್ರಾದ್ಧದ ವಿಧಿ ಬೇಡ, ಸ್ಮಾರಕ ಬೇಡ ಎಂಬುದು ಅದರ ಸಾರ. ಲಕ್ಷಾಂತರ ಭಕ್ತರಿಗೆ ಗದ್ದುಗೆ ಬೇಕಿತ್ತು, ಹೂವೇರಿಸಲು ಒಂದು ಜಾಗ ಬೇಕಿತ್ತು. ಅಪ್ಪಾವರು ಅದನ್ನೂ ಬಿಡಿಸಿ ಹೋದರು. ಕಳೆದುಕೊಂಡದ್ದರ ಎದುರು ಹಿಡಿದುಕೊಳ್ಳಲು ಏನೂ ಇಲ್ಲದೆ ನಿಲ್ಲುವುದನ್ನು ಕಲಿಸಿದ ಪಾಠ ಅದು ಎಂದು ನಾನು ತಿಳಿದಿದ್ದೇನೆ.

ಇಷ್ಟಲಿಂಗ ನಮ್ಮ ಅರಿವಿನ ಕುರುಹು. ಅದು ವಿಮೆಯ ಪಾಲಿಸಿಯಲ್ಲ. ಕಂತು ಕಟ್ಟಿದವನ ಮನೆಗೆ ಗಾಳಿ ಬರುವುದಿಲ್ಲ ಎಂದು ಅದು ಎಂದೂ ಬರೆದುಕೊಟ್ಟಿಲ್ಲ. ಅದು ಕೊಡುವುದು ಬೇರೆ. ಗಾಳಿ ಬಂದು ಹೋದ ಮೇಲೆ ಕೈ ನಡುಗದೆ ಎದ್ದು, ಪಕ್ಕದವನ ಮೇಲೆ ಬಿದ್ದ ತೊಲೆಯನ್ನು ಎತ್ತುವ ಸ್ಥೈರ್ಯ ಕೊಡುತ್ತದೆ. ತಪ್ಪು ನನ್ನದಾಗಿದ್ದರೆ ನನ್ನದೆಂದು ಹೇಳುವ ಬಲ ಕೊಡುತ್ತದೆ. ನನಗೆ ಅದು ಮೂವತ್ತು ವರ್ಷ ತಡವಾಗಿ ಬಂತು.

ಆ ದಂಪತಿಗಳಿಗೆ ನಾನು ಹೆಚ್ಚಿಗೆ ಏನೂ ಹೇಳಲಿಲ್ಲ. "ಅವ್ವಾ, ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಹತ್ರ ಇಲ್ಲ. ಆದ್ರ ಅದು ಸರಿಯಾದ ಪ್ರಶ್ನೆ. ಅದನ್ನ ಹಿಡಕೊಂಡು ಆ ಹುಡುಗನ ಮನಿಗಿ ಹೋಗ್ರಿ" ಎಂದೆ. ಅವರು ಹೋದರು. ಶಾಂತಿಗೆಂದು ತೆಗೆದಿಟ್ಟಿದ್ದ ಇಪ್ಪತ್ತೊಂದು ಸಾವಿರ ಆ ಹುಡುಗನ ಚಿಕಿತ್ಸೆಗೆ ಹೋಯಿತು. ಆಮೇಲೆ ದ್ರಾಕ್ಷಿ ಸುಗ್ಗಿಯಲ್ಲಿ ಮತ್ತಷ್ಟು ಹೋಯಿತು. ಇಬ್ಬರು ತಾಯಂದಿರು ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡುತ್ತಾರಂತೆ. ಆ ಹುಡುಗ ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕಿದ ಸುದ್ದಿ ಮೊನ್ನೆ ಬಂತು. ಇದನ್ನೂ ಪವಾಡದ ಖಾತೆಗೆ ಬರೆಯಬೇಡಿರಿ. ವೈದ್ಯರು, ಕೈಕಾಲು ವ್ಯಾಯಾಮ ಮಾಡಿಸುವವರು, ಆ ಹುಡುಗನ ಹಟ, ಇವರದೇ ಕಾಯಕ ಅದು.

ಇನ್ನು ನಮ್ಮ ಮಠಗಳಿಗೆ ಒಂದು ವಿನಂತಿ. ಅನ್ನ, ಅರಿವು, ಆಶ್ರಯ ಕೊಟ್ಟು ಮಕ್ಕಳನ್ನು ಓದಿಸುವ ಪ್ರಸಾದ ನಿಲಯಗಳು ನಮ್ಮ ಸಮಾಜದ ಹೆಮ್ಮೆ. ಆಶ್ರಯ ಎಂದರೆ ಮೊದಲು ತಲೆಯ ಮೇಲಿನ ಛಾವಣಿ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ, ಬೇಸಿಗೆ ಗಾಳಿ ಏಳುವ ಮೊದಲು, ಒಂದು ದಿನ ಇದಕ್ಕೆ ಮೀಸಲಿಡಿ. ಪತ್ರಾಸಿನ ಪ್ರತಿ ಪರ್ಲಿನ್ನಿಗೂ ಬೋಲ್ಟು ಇದೆಯೇ, ತುಕ್ಕು ಹಿಡಿದಿದೆಯೇ ನೋಡಿಸಿ. ಅಂಚಿನಲ್ಲಿ ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ಹೆಚ್ಚು, ಅಲ್ಲಿ ಒತ್ತಾಗಿ ಹಾಕಿಸಿ. ಮೇಲಿನ ಕಲ್ಲುಗಳನ್ನು ಇಳಿಸಿ. ಕಟ್ಟಡದ ಮೇಲೆ ವಾಲಿದ ಒಣ ಟೊಂಗೆ ಕಡಿಸಿ. ಗಾಳಿ ಎದ್ದರೆ ಮಕ್ಕಳು ಸೇರಬೇಕಾದ ಆರ್‌ಸಿಸಿ ಕೋಣೆ ಯಾವುದೆಂದು ಗೋಡೆಯ ಮೇಲೆ ಬರೆಸಿ, ವರ್ಷಕ್ಕೆ ಎರಡು ಸಲ ಅಭ್ಯಾಸ ಮಾಡಿಸಿ. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ' ಆ್ಯಪ್ ವಾರ್ಡನ್ನರ ಫೋನಿನಲ್ಲಿ ಇರಲಿ. ಗುಡುಗುವಾಗ ಬೇವಿನ ಮರದ ಕೆಳಗೆ ನಿಲ್ಲಬಾರದೆಂದು ಮಕ್ಕಳಿಗೆ ತಿಳಿಹೇಳಿ.

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ನನ್ನಂಥ ನಿವೃತ್ತ ಎಂಜಿನಿಯರುಗಳು, ಓವರ್‌ಸಿಯರುಗಳು ಸಾಕಷ್ಟು ಜನ ಇದ್ದೇವೆ. ಪೆನ್ಶನ್ ಬರುತ್ತದೆ, ಹೊತ್ತು ಹೋಗುವುದಿಲ್ಲ. ಏಣಿ ತರಿಸಿ, ಕರೆಯಿರಿ, ಬರುತ್ತೇವೆ. ಸಂಭಾವನೆ ಬೇಡ, ಪ್ರಸಾದ ಸಾಕು. ಈ ಸಲ ನಾನು ಏಣಿ ಹತ್ತಿದರೆ, ಒಂದು ಬಿಟ್ಟು ಒಂದು ಬೋಲ್ಟು ಕಂಡಾಗ ಇಳಿದು ಬಂದು ಸುಮ್ಮನೆ ಸಹಿ ಹಾಕುವುದಿಲ್ಲ.



— ಸಂಪಾದಕ