ಚಿಕ್ಕಪ್ಪನ ಪಿಕಪ್ಪಿಗೊಂದು ಲಾಕರ್

"ಒಂದು ಲಾಕರ್ ತಗೋಬೇಕು, ಸ್ವಲ್ಪ ದುಡ್ಡಾಗುತ್ತೆ" ಅಂತ ಹೋದ ತಿಂಗಳು ಮನೆಯಲ್ಲಿ ಹೇಳಿದೆ. ನನ್ನವಳು ಬ್ಯಾಂಕಿನ ಲಾಕರ್ ಅಂದುಕೊಂಡು ಖುಷಿಪಟ್ಟಳು. ನಾನು ಹೇಳಿದ್ದು ಸಕಲೇಶಪುರದ ಕಡೆ ನಮ್ಮ ತೋಟದಲ್ಲಿರುವ ಹಳೇ ಬೊಲೆರೊ ಕ್ಯಾಂಪರ್ ಪಿಕಪ್ಪಿನ ಹಿಂದಿನ ಆಕ್ಸಲ್ಲಿಗೆ ಹಾಕುವ ಡಿಫರೆನ್ಷಿಯಲ್ ಲಾಕರ್. ಖುಷಿ ಅಲ್ಲಿಗೇ ಮುಗಿಯಿತು.

ಹೋದ ಆಷಾಢದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಮರ ತೆರವು ಮಾಡುವಾಗ ತೋಟದ ಆಳೊಬ್ಬ ಜಾರಿ ಕಾಲು ಮುರಿದುಕೊಂಡ. ಅವನನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ಚಿಕ್ಕಪ್ಪ ಹೊರಟರೆ, ಮೋರಿ ದಾಟಿದ ಮೇಲಿನ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಹಿಂದಿನ ಎಡಚಕ್ರ, ಮುಂದಿನ ಬಲಚಕ್ರ ಗಿರಗಿರ ತಿರುಗುತ್ತಿವೆ, ಉಳಿದೆರಡು ಅಲ್ಲಾಡುತ್ತಿಲ್ಲ. ಕಲ್ಲು, ಸೊಪ್ಪು ಕೊಟ್ಟು ಮೇಲೆ ಹತ್ತಿಸಲು 40 ನಿಮಿಷ ಹಿಡಿಯಿತಂತೆ. ಅಷ್ಟು ಹೊತ್ತೂ ಅವನು ಹಿಂದೆ ನರಳುತ್ತಾ ಮಲಗಿದ್ದ. ಚಿಕ್ಕಪ್ಪ ಇದನ್ನು ನನಗೆ ಹೇಳಿದ್ದು ಒಂದು ವಾರದ ನಂತರ, ಕಾಳುಮೆಣಸಿನ ರೇಟಿನ ಮಾತಿನ ಮಧ್ಯೆ.

ಫೋರ್ ಬೈ ಫೋರ್ ಗಾಡಿ ಹೀಗೆ ನಿಲ್ಲುವುದು ಯಾಕೆ ಅಂತ ನೀವೂ ಕೇಳಬಹುದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎತ್ತಿನ ಗಾಡಿಗೆ ಇದು ತೊಂದರೆಯೇ ಅಲ್ಲ, ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ. ಎಂಜಿನ್ ತಿರುಗಿಸುವ ಚಕ್ರಗಳಿಗೆ ಮಾತ್ರ ನಡುವೆ ಡಿಫರೆನ್ಷಿಯಲ್ ಬೇಕು. ಅದು ಎಡಕ್ಕೂ ಬಲಕ್ಕೂ ಸಮನಾಗಿ ಬಲ ಹಂಚುತ್ತದೆ. ಎಡವಟ್ಟಿರುವುದೇ ಆ ಸಮಪಾಲಿನಲ್ಲಿ. ಕೆಸರಿನಲ್ಲಿರುವ ಚಕ್ರ ಹತ್ತು ಪಾಲು ಬಲಕ್ಕೇ ಜಾರಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಿಗುವುದು ಹತ್ತೇ ಪಾಲು. ಫೋರ್ ಬೈ ಫೋರ್ ಲಿವರ್ ಜೋಡಿಸುವುದು ಮುಂದಿನ ಆಕ್ಸಲ್ಲನ್ನು ಹಿಂದಿನದಕ್ಕೆ, ಎಡಚಕ್ರವನ್ನು ಬಲಚಕ್ರಕ್ಕಲ್ಲ. ಲಾಕರ್ ಮಾಡುವುದು ಆ ಎರಡನೇ ಕೆಲಸವನ್ನು.

ಚಿಕ್ಕಪ್ಪನಿಗೆ ಒಂದು ಉಪಾಯ ಗೊತ್ತು. ಹ್ಯಾಂಡ್‌ಬ್ರೇಕ್ ಎರಡು ಕಚ್ಚು ಎಳೆದು ಆಕ್ಸಿಲರೇಟರ್ ಒತ್ತುವುದು. ತಿರುಗುವ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೂ ಬಲ ಹೋಗುತ್ತದೆ. ಅವತ್ತು ಅದೂ ಸಾಕಾಗಲಿಲ್ಲ.

ನಾನು ಎಂದಿನಂತೆ ಎಕ್ಸೆಲ್ ತೆರೆದೆ. ಲಿಮಿಟೆಡ್ ಸ್ಲಿಪ್ ಅನ್ನು ಬೇಗ ಹೊಡೆದುಹಾಕಿದೆ. ಸಣ್ಣಪುಟ್ಟ ಜಾರಿಕೆಗೆ ಅದು ಸರಿ, ಚಕ್ರ ಪೂರ್ತಿ ಗಾಳಿಯಲ್ಲಿ ನಿಂತರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನನ್ನ ಕಣ್ಣು ಬಿದ್ದಿದ್ದು ಆಟೋಮ್ಯಾಟಿಕ್ ಲಾಕರಿನ ಮೇಲೆ, ಅಮೆರಿಕದವರು 'ಲಂಚ್‌ಬಾಕ್ಸ್' ಅನ್ನುವ ಜಾತಿ. ಇರುವ ಡಿಫರೆನ್ಷಿಯಲ್ ಗೂಡಿನೊಳಗಿನ ಸಣ್ಣ ಗೇರುಗಳನ್ನು ಮಾತ್ರ ತೆಗೆದು ಇದನ್ನು ಕೂರಿಸುವುದು. ಕ್ರೌನ್ ಮತ್ತು ಪಿನಿಯನ್ ಹೊಂದಾಣಿಕೆಯನ್ನು ಮುಟ್ಟಬೇಕಿಲ್ಲ, ಸ್ವಿಚ್ಚಿಲ್ಲ, ವೈರಿಲ್ಲ, ಅಗ್ಗ. ಹಳೇ ಗಾಡಿಗೆ ಹೇಳಿ ಮಾಡಿಸಿದ್ದು ಅಂತ ಹಸಿರು ಬಣ್ಣ ತುಂಬಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

ಅವರು ಎಲ್ಲಾ ಕೇಳಿಸಿಕೊಂಡು, "ಬೇಡ ಅಂದಾಗ ಬಿಡುತ್ತಾ ಮಾರಾಯ ಅದು?" ಅಂದರು.

ಬಿಡುವುದು ಅದರ ಇಷ್ಟ. ತಿರುವಿನಲ್ಲಿ ಕಟಕಟ ಸದ್ದು ಮಾಡುತ್ತಾ ಒಂದು ಚಕ್ರಕ್ಕೆ ಸಡಿಲ ಕೊಡುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಎರಡನ್ನೂ ಕಚ್ಚುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ. ಶಿರಾಡಿ ಘಾಟಿಯ ಒದ್ದೆ ತಿರುವಿನಲ್ಲಿ ಎರಡೂ ಚಕ್ರ ಒಟ್ಟಿಗೆ ಜಾರಿದರೆ ಬಾಲ ಪಕ್ಕಕ್ಕೆ ಹೋಗುತ್ತದೆ. ತೋಟದ ದಾರಿಯಲ್ಲಿ ಇನ್ನೂ ಅಪಾಯ. ಅಡ್ಡ ಇಳಿಜಾರಿನಲ್ಲಿ ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಒಂದು ಚಕ್ರ ಸುಮ್ಮನೆ ಸುತ್ತುತ್ತದೆ, ಸುತ್ತದಿರುವ ಇನ್ನೊಂದು ಗಾಡಿಯನ್ನು ನೆಲಕ್ಕೆ ಹಿಡಿದಿರುತ್ತದೆ. ಲಾಕ್ ಆದಾಗ ಎರಡೂ ಸುತ್ತುತ್ತವೆ, ಗಾಡಿ ಪಕ್ಕಕ್ಕೆ, ಕೆಳಗಿನ ಹಳ್ಳದ ಕಡೆಗೆ ಸರಿಯುತ್ತದೆ. ನಿಲ್ಲಿಸಿಬಿಡುವ ಡಿಫರೆನ್ಷಿಯಲ್ ಅಲ್ಲಿ ಜೀವ ಉಳಿಸುತ್ತದೆ ಅನ್ನುವ ಕಾಲಂ ನನ್ನ ಎಕ್ಸೆಲ್ಲಿನಲ್ಲಿ ಇರಲೇ ಇಲ್ಲ.

"ನಾನಿಲ್ಲದಾಗ ಓಡಿಸೋನು ಡ್ರೈವರ್ ಹುಡುಗ" ಅಂತ ಚಿಕ್ಕಪ್ಪ ಸೇರಿಸಿದರು. ಹುಡುಗನಿಗೆ 22, ಬಲಗಾಲು ಭಾರ.

ಆಮೇಲೆ ನೋಡಿದ್ದು 2015ರಲ್ಲಿ ಮಹೀಂದ್ರಾ ಥಾರ್‌ಗೆ ಬಂದಂಥ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್. ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದಾಗ ತಾನೇ ಕಚ್ಚುತ್ತದೆ, ಗಾಡಿ ಗಂಟೆಗೆ 30 ಕಿ.ಮೀ. ಆಸುಪಾಸು ದಾಟಿದ ಮೇಲೆ ಕಚ್ಚುವುದಿಲ್ಲ. ಘಾಟಿಯ ಚಿಂತೆ ಅಷ್ಟರಮಟ್ಟಿಗೆ ಕಡಿಮೆ. ಆದರೆ ಅದು ಕಚ್ಚಬೇಕಾದರೆ ಮೊದಲು ಚಕ್ರ ಸುತ್ತಲೇಬೇಕು, ಅಂದರೆ ಹುಡುಗ ಇನ್ನಷ್ಟು ಒತ್ತಬೇಕು. ಅವನಿಗೆ ಆ ಪಾಠ ಹೇಳಿಕೊಡಲು ನನಗೆ ಇಷ್ಟವಿಲ್ಲ.

ಉಳಿದದ್ದು ಸ್ವಿಚ್ ಹಾಕಿದಾಗ ಮಾತ್ರ ಲಾಕ್ ಆಗುವ ಜಾತಿ: ಗಾಳಿಯ ಒತ್ತಡದಿಂದ ಕೆಲಸ ಮಾಡುವ ಆಸ್ಟ್ರೇಲಿಯಾದ ಎಆರ್‌ಬಿಯಂಥದು, ಇಲ್ಲವೇ ಕರೆಂಟಿನದು. ಸ್ವಿಚ್ ಹಾಕದಿದ್ದರೆ ಗಾಡಿ ಎಂದಿನ ಗಾಡಿಯೇ. ದುಬಾರಿ. ಡಿಫರೆನ್ಷಿಯಲ್ ಗೂಡನ್ನೇ ಬದಲಿಸಬೇಕು, ಕ್ರೌನ್ ಮತ್ತು ಪಿನಿಯನ್ ನಡುವಿನ ಸಂದನ್ನು ತಿಳಿದವರೇ ಹೊಂದಿಸಬೇಕು. ಗಾಳಿಯದಕ್ಕೆ ಕಂಪ್ರೆಸರ್, ಪೈಪು, ಕರೆಂಟಿನದಕ್ಕೆ ವೈರು. "ವೈರು ಇಲಿಗೆ" ಅಂದರು ಚಿಕ್ಕಪ್ಪ. ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಇದು ತಮಾಷೆಯಲ್ಲ. ಆದರೂ ಅವರಿಗೆ ಒಪ್ಪಿಗೆಯಾಗಿದ್ದು ಇದೇ, ಹಿಂದಿನ ಆಕ್ಸಲ್ಲಿಗೆ ಮಾತ್ರ. ಮುಂದೆಯೂ ಹಾಕಿದರೆ ಲಾಕ್ ಆದಾಗ ಸ್ಟಿಯರಿಂಗ್ ತಿರುಗಿಸಲು ಭುಜ ಸಾಲದು.

ಅದಕ್ಕೂ ಮೊದಲು ಟೈರ್ ಅಂದರು. ಇದ್ದವು ಹೈವೇ ಟೈರುಗಳು, ಅರ್ಧ ಸವೆದವು. ನಾನು ಲಾಕರ್ ಹುಡುಕುತ್ತಿದ್ದ ಎರಡು ತಿಂಗಳು ಗಾಡಿ ಅದರ ಮೇಲೇ ಓಡುತ್ತಿತ್ತು. ಮಣ್ಣಿನ ದಾರಿಯ ಟೈರು ನಾಲ್ಕೂ ಹಾಕಿಸಿದ ದಿನವೇ ಮೋರಿ ಏರನ್ನು ಹತ್ತಿಸಿ ವಿಡಿಯೋ ಕಳಿಸಿದರು. "ಮಳೆ ಬಂದಿಲ್ಲ ಇನ್ನೂ, ಜಾಸ್ತಿ ಹಿಗ್ಗಬೇಡ" ಅಂತ ಕೆಳಗೆ ಬರೆದಿದ್ದರು.

ಈಗ ಹಾಸನದ ಮೆಕ್ಯಾನಿಕ್ ಒಬ್ಬರು ಆಕ್ಸಲ್ ಬಿಚ್ಚಿದ್ದಾರೆ. ಬೇರಿಂಗು, ಆಯಿಲ್ ಸೀಲು ಹೇಗೂ ಹೊಸದು ಬೇಕು. ಸವೆದ ಶಾಫ್ಟಿನ ಮೇಲೆ ಲಾಕರ್ ಹಾಕಿದರೆ ಒಂದೇ ಚಕ್ರದ ಮೇಲೆ ಪೂರ್ತಿ ಬಲ ಬಿದ್ದಾಗ ಅದೇ ಮುರಿಯಬಹುದು. ಲಾಕರ್ ತರಿಸುವ ಮುನ್ನ ಶಾಫ್ಟಿನ ತುದಿಯ ಹಲ್ಲುಗಳ ಲೆಕ್ಕ, ಗೇರಿನ ಅನುಪಾತ ಸರಿಯಾಗಿ ಗೊತ್ತಿರಬೇಕು. ಮೊನ್ನೆ ರಾತ್ರಿ ಮೆಕ್ಯಾನಿಕ್ ಶಾಫ್ಟಿನ ಫೋಟೋ ವಾಟ್ಸಾಪ್ ಮಾಡಿದರು. ಪುಣೆಯಲ್ಲಿ ಕೂತು, ಆಫೀಸಿನ ದೊಡ್ಡ ಮಾನಿಟರಿಗೆ ಹಾಕಿ ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಲೆಕ್ಕ. ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ನಾಳೆ ಹಾಸನಕ್ಕೆ ಹೋಗ್ತೀನಿ, ಒಂದು ಹಲ್ಲಿಗೆ ಬಣ್ಣ ಹಚ್ಚಿ ಅಲ್ಲಿಂದ ಎಣಿಸ್ತೀನಿ. ನೀನು ಮಲ್ಕೋ" ಅಂದರು.