ಡೀಸೆಲ್ ಏರಿತು ಅಂತ ಪಿಕಪ್ ಮಾರಬೇಡಿ, ಮಾರೋದಾದ್ರೆ ಬೇರೆ ಕಾರಣಕ್ಕೆ ಮಾರಿ

2025ರ ಏಪ್ರಿಲ್ ಕಳೆದ ಮೇಲೆ ನಮ್ಮ ಹಂಗಳ ಸುತ್ತಮುತ್ತ ಒಂದೇ ಮಾತು. ಟೀ ಅಂಗಡಿ ಮುಂದೆ, ಡೈರಿ ಹತ್ರ, ಗುಂಡ್ಲುಪೇಟೆ ಬಸ್ ಕಾಯೋ ಕಡೆ, ಎಲ್ಲಿ ನಾಲ್ಕು ಜನ ಸೇರಿದ್ರೂ ಅದೇ. "ಇನ್ನು ಗಾಡಿ ಇಟ್ಕೊಂಡು ಪ್ರಯೋಜ್ನ ಇಲ್ಲ ಕನಣ್ಣ, ಡೀಸೆಲ್ಲೇ ಎಲ್ಲಾ ನುಂಗ್ತದೆ. ಮಾರ್ಬುಟ್ಟು ಬಾಡಿಗೆ ಗಾಡಿ ಹಿಡ್ಕೊಂಡ್ರೆ ನೆಮ್ಮದಿ." ಹೇಳೋರು ಹೇಳ್ತಾರೆ, ಕೇಳೋರು ತಲೆ ಆಡಿಸ್ತಾರೆ, ಒಬ್ಬರೂ ಪೆನ್ನು ತಗೊಂಡು ಲೆಕ್ಕ ಹಾಕಲ್ಲ.

ನಾನು ಹೇಳೋದು ನೇರವಾಗೇ ಇದೆ. ಪಿಕಪ್ ಮಾರೋದು ತಪ್ಪಲ್ಲ. ಡೀಸೆಲ್ ರೇಟ್ ಏರಿತು ಅನ್ನೋ ಕಾರಣಕ್ಕೆ ಮಾರೋದು ತಪ್ಪು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ. ಒಪ್ಪದವರು ಅವರ ಲೆಕ್ಕ ತಗೊಂಡು ಬರಲಿ.

ಮೊದಲು ಏರಿದ್ದು ಎಷ್ಟು ಅಂತ ನೋಡೋಣ. 2024ರ ಜೂನ್ 15ಕ್ಕೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆಯ್ತು. 2025ರ ಏಪ್ರಿಲ್ 1ಕ್ಕೆ ಅದೇ ತೆರಿಗೆ ಶೇ 18.4ರಿಂದ 21.17ಕ್ಕೆ ಹೋಗಿ ಇನ್ನೊಂದು 2 ರೂಪಾಯಿ. ಬೆಂಗಳೂರಲ್ಲಿ 91 ದಾಟಿತು, ನಮ್ಮ ಕಡೆಯೂ ಅದರ ಆಸುಪಾಸೇ. ಒಟ್ಟು ಏರಿದ್ದು ಲೀಟರಿಗೆ 5 ರೂಪಾಯಿ. ಲಾರಿ ಮಾಲೀಕರು ಏಪ್ರಿಲ್ 14ರ ಮಧ್ಯರಾತ್ರಿಯಿಂದ ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ತಿಂಗಳಿಗೆ ಸಾವಿರಾರು ಲೀಟರ್ ಸುಡೋ ಲಾರಿಯವನಿಗೆ ಅದು ದೊಡ್ಡ ಏಟು. ಆದ್ರೆ ಅವನ ಲೆಕ್ಕ ತಂದು ನಮ್ಮ ಪಿಕಪ್ ಮೇಲೆ ಹೊರಿಸಬಾರದು.

ನಮ್ಮ ಲೆಕ್ಕ ಹೀಗಿದೆ. ಹಂಗಳದಿಂದ ಮೈಸೂರು ಬಂಡಿಪಾಳ್ಯ ಎಪಿಎಂಸಿಗೆ ಹೋಗಿ ಬರೋದು, ಒಳಗಿನ ಓಡಾಟ ಸೇರಿ, 140 ಕಿಲೋಮೀಟರ್ ಅಂತ ಹಿಡೀರಿ. ಲೋಡಲ್ಲಿ, ಖಾಲಿಯಲ್ಲಿ ಸರಾಸರಿ ಲೀಟರಿಗೆ 12 ಬಂದ್ರೆ 12 ಲೀಟರ್ ಡೀಸೆಲ್. ಅಂದ್ರೆ 1,092 ರೂಪಾಯಿ. 25 ಕೆಜಿಯ 60 ಕ್ರೇಟ್ ಟೊಮ್ಯಾಟೊ ಹಾಕಿದ್ರೆ ಒಂದೂವರೆ ಟನ್. ಕೆಜಿಗೆ ಡೀಸೆಲ್ ಖರ್ಚು 73 ಪೈಸೆ. 2024, 2025 ಎರಡೂ ಸೇರಿ ಏರಿದ 5 ರೂಪಾಯಿಯಿಂದ ಒಂದು ಟ್ರಿಪ್ಪಿಗೆ ಜಾಸ್ತಿ ಆಗಿದ್ದು 60 ರೂಪಾಯಿ. ಕ್ರೇಟಿಗೆ ಒಂದು ರೂಪಾಯಿ. ಕೆಜಿಗೆ 4 ಪೈಸೆ.

ಕೆಜಿಗೆ 4 ಪೈಸೆ ಅಂತ ಗಾಡಿ ಮಾರ್ತೀರಾ? ಟೊಮ್ಯಾಟೊ ರೇಟು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಇರುತ್ತೆ. ಕೆಜಿಗೆ 2 ರೂಪಾಯಿ ಆಚೀಚೆ ಆದ್ರೆ ಅದೇ ಲೋಡಿಗೆ 3,000 ರೂಪಾಯಿ ವ್ಯತ್ಯಾಸ. ಅದನ್ನ ನುಂಗಿಕೊಂಡು ಸುಮ್ಮನಿರೋರು 60 ರೂಪಾಯಿಗೆ ಗಾಡಿಯನ್ನ ಶನಿ ಅಂತ ಬೈತಾರೆ.

ಇನ್ನೊಂದು ಮಾತು ಮರೀಬೇಡಿ. 2021ರ ಅಕ್ಟೋಬರಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ 100 ದಾಟಿತ್ತು. ಅದೇ ನವೆಂಬರಲ್ಲಿ ಕೇಂದ್ರ 10 ರೂಪಾಯಿ, ರಾಜ್ಯ 7 ರೂಪಾಯಿ ಇಳಿಸಿದ್ವು. ಅವತ್ತು ಬಾಡಿಗೆ ಗಾಡಿಯವರು ಯಾರಾದ್ರೂ ನಿಮ್ಮ ಮನೆಗೆ ಬಂದು "ಡೀಸೆಲ್ ಇಳೀತು, ಬಾಡಿಗೆ ಇಳಿಸ್ತೀವಿ" ಅಂದ್ರಾ? ನನ್ನ ಹತ್ರ ಅಂತೂ ಬರಲಿಲ್ಲ. ಏರಿದಾಗ ಬಾಡಿಗೆ ಜೊತೇಲೇ ಏರುತ್ತೆ, ಇಳಿದಾಗ ಅಲ್ಲೇ ಕೂರುತ್ತೆ. ಗಾಡಿ ಮಾರಿ ಬಾಡಿಗೆಗೆ ಹೋಗೋರು ಇದನ್ನ ನೆನಪಲ್ಲಿ ಇಟ್ಕೋಬೇಕು.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. "ಬಾಡಿಗೆ ಗಾಡಿ ಹಿಡ್ಕೊಂಡ್ರೆ ಡೀಸೆಲ್ ತಾಪತ್ರಯ ಇಲ್ಲ" ಅಂತೀರಲ್ಲ, ಬಾಡಿಗೆ ಗಾಡಿ ಏನು ನೀರಲ್ಲಿ ಓಡ್ತದಾ? ಅವನೂ ಅದೇ ಬಂಕಲ್ಲಿ, ಅದೇ ರೇಟಿಗೆ ಹಾಕಿಸ್ತಾನೆ. ಆ ದುಡ್ಡು ನಿಮ್ಮಿಂದಲೇ ವಸೂಲಿ ಆಗೋದು.

ಒಂದು ಉದಾಹರಣೆ ತಗೊಳ್ಳಿ, ನಿಮ್ಮ ಅಂಕಿ ಬೇರೆ ಇದ್ರೆ ಅದನ್ನೇ ಹಾಕ್ಕೊಳ್ಳಿ. ತಿಂಗಳಿಗೆ ಸಾಲದ ಕಂತು 16,000. ಇನ್ಶೂರೆನ್ಸು, ಟ್ಯಾಕ್ಸು, ಎಫ್‌ಸಿ, ಟೈರು, ರಿಪೇರಿ ಎಲ್ಲಾ ಸೇರಿ ತಿಂಗಳಿಗೆ 5,000 ಎತ್ತಿಡಬೇಕು. ಒಟ್ಟು 21,000. ಗಾಡಿ ಓಡಿದ್ರೂ, ಮನೆ ಮುಂದೆ ನಿಂತ್ರೂ ಈ ದುಡ್ಡು ಹೋಗೇ ಹೋಗುತ್ತೆ. ಓಡಿಸೋದು ಮನೆಯವರೇ ಅಂತ ಇಟ್ಕೊಳ್ಳಿ. ತಿಂಗಳಿಗೆ 20 ಟ್ರಿಪ್ ಮೈಸೂರಿಗೆ ಹೋದ್ರೆ ಒಂದು ಟ್ರಿಪ್ಪಿಗೆ ಈ ಖರ್ಚು 1,050, ಡೀಸೆಲ್ 1,092, ಒಟ್ಟು 2,142. ಆರೇ ಟ್ರಿಪ್ ಹೋದ್ರೆ 3,500 ಪ್ಲಸ್ 1,092, ಅಂದ್ರೆ 4,592. ಟೋಲು, ಹಮಾಲಿ ಎರಡು ಕಡೆಗೂ ಒಂದೇ, ಬಿಡಿ.

ಬಾಡಿಗೆಯವನು 3,500 ಕೇಳ್ತಾನೆ ಅಂದ್ಕೊಳ್ಳೋಣ. ಎಂಟು ಟ್ರಿಪ್ಪಾದ್ರೆ ಸ್ವಂತ ಗಾಡಿ ದುಬಾರಿ, ಒಂಬತ್ತಾದ್ರೆ ಸ್ವಂತದ್ದೇ ಅಗ್ಗ. ಗೆರೆ ಅಲ್ಲಿದೆ. ಈಗ ಡೀಸೆಲ್ 120 ಆಗೋಯ್ತು ಅಂತಲೇ ಇಟ್ಕೊಳ್ಳಿ. ನಮಗೆ ಟ್ರಿಪ್ಪಿಗೆ 348 ರೂಪಾಯಿ ಜಾಸ್ತಿ ಆಗುತ್ತೆ. ಬಾಡಿಗೆಯವನೂ ಅಷ್ಟನ್ನೇ ಏರಿಸ್ತಾನೆ. ಆಗ್ಲೂ ಗೆರೆ ಒಂಬತ್ತರಲ್ಲೇ ನಿಂತಿರುತ್ತೆ, ಒಂದಿಂಚೂ ಅಲ್ಲಾಡಲ್ಲ. ಡೀಸೆಲ್ ರೇಟು ಎರಡು ತಕ್ಕಡಿಗೂ ಒಂದೇ ಕಲ್ಲು ಹಾಕುತ್ತೆ. ಹಾಗಿದ್ಮೇಲೆ ಅದನ್ನ ನೋಡಿ ಗಾಡಿ ಇಡೋದಾ, ಮಾರೋದಾ ಅಂತ ಹೇಗೆ ತೀರ್ಮಾನ ಮಾಡ್ತೀರಿ?

ಇದಕ್ಕೆ ಒಂದು ಉತ್ತರ ಬರುತ್ತೆ, ಅದು ನ್ಯಾಯವಾದ ಉತ್ತರವೇ. "ಬಾಡಿಗೆಯವನು ವಾಪಸ್ ಬರುವಾಗಲೂ ಲೋಡ್ ತರ್ತಾನೆ, ಅವನಿಗೆ ಡೀಸೆಲ್ ಏಟು ಅರ್ಧ. ನಾವು ಖಾಲಿ ಬರ್ತೀವಿ." ನಿಜ. ಅಂದ್ರೆ ತಪ್ಪು ಇರೋದು ಡೀಸೆಲಲ್ಲಿ ಅಲ್ಲ, ನಮ್ಮ ಖಾಲಿ ಗಾಡಿಯಲ್ಲಿ. ನಂಜನಗೂಡು, ಮೈಸೂರಿಂದ ಬರುವಾಗ ಹಿಂಡಿ, ಬೂಸಾ, ಗೊಬ್ಬರ, ಡ್ರಿಪ್ ಪೈಪು, ಅಕ್ಕಪಕ್ಕದವರಿಗೆ ಬೇಕಾದ್ದು ಏನಾದ್ರೂ ಒಂದು ಇದ್ದೇ ಇರುತ್ತೆ. ಹೋಗೋಕೆ ಮುಂಚೆ ಎರಡು ಫೋನ್ ಮಾಡಿ ಕೇಳೋಕೆ ನಮಗೆ ನಾಚಿಕೆ. ಹಾಗೇ 15 ಕ್ರೇಟ್ ಹಾಕ್ಕೊಂಡು ಮೈಸೂರಿಗೆ ಓಡೋದು. 60 ಕ್ರೇಟಿದ್ರೆ ಕ್ರೇಟಿಗೆ 18 ರೂಪಾಯಿ ಡೀಸೆಲ್, 15 ಇದ್ರೆ 73 ರೂಪಾಯಿ. ಸರ್ಕಾರ ಏರಿಸಿದ್ದು ಕ್ರೇಟಿಗೆ ಒಂದು ರೂಪಾಯಿ, ನಾವು ಅರ್ಧಂಬರ್ಧ ಲೋಡ್ ಹಾಕಿ ಏರಿಸ್ಕೊಂಡಿದ್ದು 55.

ಖಾಲಿ ಗಾಡಿ ತುಂಬಿಸ್ತೀನಿ ಅಂತ ಕೆಲವರು ಇನ್ನೊಂದು ದಾರಿ ಹಿಡಿದವ್ರೆ. ಕೂಲಿಗೆ ಬರೋ ಹೆಣ್ಣಾಳುಗಳನ್ನ ಹಿಂದೆ ನಿಲ್ಲಿಸ್ಕೊಂಡು ಹೋಗೋದು. ದಯವಿಟ್ಟು ಇದು ಬೇಡ. ಸರಕಿನ ಗಾಡಿಯಲ್ಲಿ ಜನ ತುಂಬಿ ಏನಾದ್ರೂ ಆದ್ರೆ ವಿಮೆ ಕೈಕೊಡುತ್ತೆ, ಹೊಲ ಮಾರಿದ್ರೂ ತೀರಲ್ಲ. ಅದಕ್ಕಿಂತ ದೊಡ್ಡದು, ಅವರು ಯಾರದೋ ಮನೆಯ ಅಕ್ಕ ತಂಗಿಯರು. 60 ರೂಪಾಯಿ ಉಳಿಸೋಕೆ ಅವರ ಜೀವ ಪಣಕ್ಕೆ ಇಡೋಕೆ ನಮಗೆ ಯಾವ ಹಕ್ಕೂ ಇಲ್ಲ.

ಹಾಗಾದ್ರೆ ಯಾರು ಮಾರಬೇಕು? ಬೆಳೆ ನೋಡಿ ಹೇಳ್ತೀನಿ. ಅರಿಶಿನ ಒಂದೇ ನೆಚ್ಕೊಂಡಿರೋರಿಗೆ ಪಿಕಪ್ ಯಾಕೆ? ಬೇಯಿಸಿ ಒಣಗಿಸಿದ ಅರಿಶಿನ ಕಾಯುತ್ತೆ, ವರ್ಷಕ್ಕೊಂದು ಸಲ ಈರೋಡಿಗೋ ಇನ್ನೆಲ್ಲಿಗೋ ಹೋದ್ರೆ ಮುಗೀತು, ಅದಕ್ಕೆ ಬಾಡಿಗೆ ಗಾಡಿ ಸಾಕು. ಚೆಂಡು ಹೂ ಒಪ್ಪಂದದಲ್ಲಿ ಹಾಕಿ ಕಂಪನಿ ಗಾಡಿಗೆ ತೂಕ ಕೊಡೋರು, ಬಾಳೆಯನ್ನ ವ್ಯಾಪಾರಿಯೇ ಕಡಿದು ತುಂಬಿಸ್ಕೊಂಡು ಹೋಗೋ ಹಾಗೆ ಮಾತಾಡಿರೋರು, ಇವರಿಗೂ ಬೇಡ. ಇವರ ಗಾಡಿ ಡೀಸೆಲ್ 60 ರೂಪಾಯಿ ಇದ್ದಾಗಲೂ ದಂಡವೇ, ಮಾರಲಿ. ಆದ್ರೆ ಟೊಮ್ಯಾಟೊ, ಬೀನ್ಸು, ಕೋಸು, ಬೀಟ್‌ರೂಟು, ಸೊಪ್ಪು ಬೆಳೆಯೋರು ಬೇರೆ. ಕೊಯ್ದ ಮೇಲೆ ಅದು ನಮ್ಮ ಮಾತು ಕೇಳಲ್ಲ, ಗಡಿಯಾರದ ಮಾತು ಕೇಳುತ್ತೆ.

ನಮ್ಮ ಕಡೆ ಈ ಗಡಿಯಾರ ಇನ್ನೂ ಬಿಗಿ. 2009ರಿಂದ ಬಂಡೀಪುರ ಕಾಡಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡಲ್ಲ. ಪ್ರಾಣಿಗಳಿಗೆ ಅದು ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಊಟಿ ಕಡೆಯ ಗಾಡಿ ಮೇಲುಕಾಮನಹಳ್ಳಿ ದಾಟಬೇಕು, ಕೇರಳದ್ದು ಮದ್ದೂರು ಚೆಕ್‌ಪೋಸ್ಟ್ ದಾಟಬೇಕು, ಅದೂ ಒಂಬತ್ತರೊಳಗೆ. ಹಾಗಾಗಿ ಸಂಜೆ ಆಗ್ತಾ ಆಗ್ತಾ ವ್ಯಾಪಾರಿ ಅವಸರ ಮಾಡ್ತಾನೆ. "ಕೊಡೋದಾದ್ರೆ ಈಗಲೇ ಕೊಡು, ಗೇಟ್ ಹಾಕ್ಬುಡ್ತಾರೆ." ಬದುವಲ್ಲಿ ಕೊಯ್ದ ಮಾಲು ರಾಶಿ ಬಿದ್ದಿದೆ, ನಿಮ್ಮ ಹತ್ರ ಗಾಡಿ ಇಲ್ಲ ಅಂತ ಅವನಿಗೆ ಗೊತ್ತು. ಆಮೇಲೆ ರೇಟು ಯಾರು ಹೇಳೋದು?

ಗಾಡಿ ಇದ್ದವನು ಇಲ್ಲೊಂದು ಮಾತು ಆಡಬಹುದು. "ಬೇಡ ಬುಡಣ್ಣ, ನಾನು ತೆರಕಣಾಂಬಿಗೆ ಹಾಕ್ಕೊತೀನಿ, ಇಲ್ಲಾಂದ್ರೆ ನಸುಕಿಗೆ ಮೈಸೂರಿಗೆ ಹೋಯ್ತೀನಿ." ಎಷ್ಟೋ ಸಲ ಹೋಗಬೇಕಾಗೂ ಇಲ್ಲ, ಆ ಮಾತಿಗೇ ರೇಟು ಏರುತ್ತೆ. ಈ ಲಾಭ ಗಾಡಿ ಇದ್ದವನಿಗೆ ಮಾತ್ರ ಅಲ್ಲ. ಊರಲ್ಲಿ ನಾಲ್ಕು ಪಿಕಪ್ ಇವೆ ಅಂತ ವ್ಯಾಪಾರಿಗೆ ಗೊತ್ತಿದ್ರೆ, ಗಾಡಿ ಇಲ್ಲದ ಅರ್ಧ ಎಕರೆಯವನ ಹೊಲದಲ್ಲೂ ಅವನು ತೀರಾ ಕೆಳಗೆ ಕೇಳಲ್ಲ. ಆ ನಾಲ್ಕೂ ಮಾರಾಟ ಆಗ್ಲಿ, ಆಗ ನೋಡಿ. ಒಬ್ಬೊಬ್ಬರೇ ಮಾರುವಾಗ ಇದು ಯಾರಿಗೂ ಕಾಣಲ್ಲ. ಎಲ್ಲಾ ಹೋದ ಮೇಲೆ ಇಡೀ ಊರಿಗೆ ಕಾಣುತ್ತೆ, ಆಗ ಹೊಸ ಗಾಡಿ ತಗೊಳ್ಳೋಕೆ ಯಾರ ಕೈಲೂ ದುಡ್ಡಿರಲ್ಲ.

ಅದಕ್ಕೇ ನಾನು ಹೇಳೋದು, ತಿಂಗಳಿಗೆ ಆರೇ ಟ್ರಿಪ್ ಓಡೋ ಗಾಡಿ ಇದ್ರೆ ಮಾರೋಕೆ ಮುಂಚೆ ಪಕ್ಕದ ಇಬ್ಬರನ್ನ ಕೇಳಿ. ಮೂರು ಮನೆ ಸೇರಿದ್ರೆ ಆರು ಹದಿನೆಂಟಾಗುತ್ತೆ. ನಾಟಿ ಮಾಡುವಾಗಲೇ ಒಂದು ವಾರ ಹಿಂದೆ ಮುಂದೆ ಮಾಡ್ಕೊಂಡ್ರೆ ಕೊಯ್ಲು ಒಂದೇ ದಿನಕ್ಕೆ ಬೀಳಲ್ಲ. ಕ್ರೇಟಿಗೆ ಇಷ್ಟು ಅಂತ ಮೊದಲೇ ಮಾತಾಡಿ, ಬರೆದಿಟ್ಕೊಳ್ಳಿ. ಬಾಯಿ ಮಾತಲ್ಲಿ ಬಿಟ್ರೆ ಅಣ್ಣ ತಮ್ಮಂದಿರಿಗೇ ಆಗಿಬರಲ್ಲ. ಬಾಡಿಗೆ ಇಸ್ಕೊಳ್ಳೋದಾದ್ರೆ ಗಾಡಿಗೆ ಹಳದಿ ಬೋರ್ಡ್ ಇದ್ಯಾ ಅಂತಲೂ ನೋಡ್ಕೊಳ್ಳಿ. ಇಷ್ಟು ಮಾಡಿಯೂ ಗೆರೆ ಮುಟ್ಟದೇ ಇದ್ರೆ ಧೈರ್ಯವಾಗಿ ಮಾರಿ, ಕಂತಿನ ಸಾಲ ತೀರಿಸಿ. ಮನೆ ಮುಂದೆ ಅಂದಕ್ಕೆ ನಿಲ್ಲಿಸೋ ಪಿಕಪ್ಪು ಬಿಳಿ ಆನೆ.

ಕೊನೆಗೆ ಸರ್ಕಾರದ ಮಾತು. ತೆರಿಗೆ ಏರಿಸಿದ್ದು ಸರಿ ಅಂತ ನಾನು ಹೇಳ್ತಿಲ್ಲ. 2021ರ ನವೆಂಬರಿಗೆ ಮುಂಚೆ ಶೇ 24 ಇತ್ತು, 2025ರಲ್ಲಿ ಏರಿಸಿದ ಮೇಲೂ 21.17 ತಾನೆ, ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಕಡಿಮೆ ಅಂದ್ರು ರಾಜ್ಯದವರು. ಕಡಿಮೆ ಇರೋದು ನಿಜವೇ, ಕೇರಳದ ಗಾಡಿಗಳು ಗುಂಡ್ಲುಪೇಟೆ ಬಂಕಲ್ಲಿ ಟ್ಯಾಂಕ್ ತುಂಬಿಸ್ಕೊಂಡು ಹೋಗೋದು ನಾವು ನೋಡ್ತಿಲ್ವಾ. ಕೇಂದ್ರದವರು 2025ರ ಏಪ್ರಿಲಲ್ಲಿ ಕಚ್ಚಾ ತೈಲ ಇಳಿದಾಗ ಅಬಕಾರಿ ಸುಂಕ 2 ರೂಪಾಯಿ ಏರಿಸಿದ್ರು. ನಮ್ಮ ರೇಟು ಏರಲಿಲ್ಲ ಅಂತ ಸಮಾಧಾನ ಹೇಳಿದ್ರು, ಇಳೀಬೇಕಾದ್ದು ಇಳೀಲಿಲ್ಲ ಅಂತ ಹೇಳಲಿಲ್ಲ. ಎರಡೂ ಕಡೆಯವರನ್ನ ಕೇಳೋಣ, ಬೀದಿಗಿಳಿದೂ ಕೇಳೋಣ. ಆದ್ರೆ ಸರ್ಕಾರದ ಮೇಲಿನ ಸಿಟ್ಟಿಗೆ ನಮ್ಮ ಗಾಡಿ ಕೀಲಿಯನ್ನ ದಲ್ಲಾಳಿ ಕೈಗೆ ಕೊಡೋದು ಯಾವ ಹೋರಾಟ?

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಹೋದ ಮೂರು ತಿಂಗಳಲ್ಲಿ ಗಾಡಿ ಎಷ್ಟು ದಿನ ಲೋಡಲ್ಲಿ ಓಡಿತು, ಎಷ್ಟು ಕ್ರೇಟ್ ಹೊತ್ತಿತು, ಎಷ್ಟು ದಿನ ನಿಂತಿತ್ತು, ವಾಪಸ್ ಬರುವಾಗ ಏನು ತಂದಿತು, ಈ ನಾಲ್ಕನ್ನೂ ಒಂದು ಹಾಳೆ ಮೇಲೆ ಬರೀರಿ. ಡೀಸೆಲ್ ರೇಟು ಬರೆಯೋದೇ ಬೇಡ. ಗಾಡಿ ಇಡಬೇಕಾ, ಮಾರಬೇಕಾ ಅಂತ ಆ ಹಾಳೆಯೇ ಹೇಳುತ್ತೆ. ನಿಮ್ಮ ಅಂಕಿ ಇಲ್ಲೂ ಹಾಕಿ, ನನ್ನ ಲೆಕ್ಕಕ್ಕಿಂತ ಬೇರೆ ಬಂದಿದ್ರೆ ಮೊದಲು ಹಾಕಿ.