ಬಾಣಂತಿ ಬೆಕ್ಕು ಮತ್ತು ಶ್ರಾವಕನ ದಯಾದತ್ತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಊರುಗಳಲ್ಲಿ ಬೆಕ್ಕು ಮರಿ ಹಾಕಲು ಹುಡುಕುವ ತಾಣಗಳು ಬಹುತೇಕ ಒಂದೇ: ಹಿತ್ತಿಲ ಕಣಿಕೆಯ ಬಣವೆ, ಕಾಳಿನ ಚೀಲಗಳ ಸಂದು, ಮನೆಯ ಅಟ್ಟ. ಬೀದಿನಾಯಿಗಳಿಂದ ಪಾರಾಗಿ, ಹಸಿದು ಬಳಲಿ, ಮರಿಗಳನ್ನು ಒಂದೊಂದಾಗಿ ಕಚ್ಚಿ ತಂದ ತಾಯಿಗೆ ಬಾಗಿಲು ತೆರೆಯುವ ಶ್ರಾವಕ ಕುಟುಂಬದಲ್ಲಿ ಸಂಕೋಚವೊಂದು ಏಳುವುದು ಸಹಜ. ಬೆಕ್ಕು ಮಾಂಸಾಹಾರಿ ಜೀವಿ. ಅದನ್ನು ಪೋಷಿಸಿದರೆ ವ್ರತಕ್ಕೆ ದೋಷ ತಗಲದೆ?

ಈ ಸಂಕೋಚ ನಿರಾಧಾರವಲ್ಲ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥವು ಬೆಕ್ಕು ಮೊದಲಾದ ಹಿಂಸ್ರ ಜೀವಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದೊಂದಿಗೆ ಅನರ್ಥದಂಡದಲ್ಲಿ ಎಣಿಸಿದೆ. ಬೆಕ್ಕನ್ನು ಆಯುಧದ ಸಾಲಿನಲ್ಲಿ ಇರಿಸಿರುವುದರಿಂದಲೇ ಆ ಎಚ್ಚರಿಕೆಯ ಅಭಿಪ್ರಾಯ ತಿಳಿಯುತ್ತದೆ. ಇಲಿಗಳನ್ನು ಕೊಲ್ಲಿಸಲೆಂದು ಬೆಕ್ಕನ್ನು ಸಾಕುವವನು ಒಂದು ಜೀವವನ್ನು ಆಯುಧವನ್ನಾಗಿ ಮಾಡಿಕೊಳ್ಳುತ್ತಾನೆ. ಕಾಳುಕಡಿಯ ವ್ಯಾಪಾರಸ್ಥರಿಗೆ ಇದು ನೇರವಾಗಿ ತಟ್ಟುವ ಮಾತು. ಆದರೆ ಆಸರೆ ಬೇಡಿ ಬಂದ ಬಾಣಂತಿಯನ್ನು ಕಾಪಾಡುವವನ ಭಾವ ಅದಲ್ಲ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ತೋರಿದ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೇ ಜೀವಗಳು ಒಂದಕ್ಕೊಂದು ಉಪಕಾರಿಗಳೆಂದೂ ಸಾರಿದೆ. ಜಿನಸೇನಾಚಾರ್ಯರ ಆದಿಪುರಾಣವು ಹೇಳುವ ನಾಲ್ಕು ಬಗೆಯ ದತ್ತಿಗಳಲ್ಲಿ ದಯಾದತ್ತಿಯೂ ಒಂದು. ಭಯಗೊಂಡ ಜೀವಿಗೆ ಕರುಣೆಯಿಂದ ಅಭಯವನ್ನೀಯುವುದೇ ಅದರ ಸಾರ.

ಬಾಣಂತಿ ಬೆಕ್ಕಿಗೆ ಮೊದಲು ಬೇಕಾದುದು ಈ ಅಭಯವೇ. ಹುಟ್ಟಿದ ಮರಿಗಳ ಕಣ್ಣು ತೆರೆಯಲು 7ರಿಂದ 14 ದಿನ ಬೇಕು. ಅಲ್ಲಿಯವರೆಗೆ ಅವು ಮೈಯ ಬಿಸುಪಿಗೂ ತಾಯಿಯನ್ನೇ ಅವಲಂಬಿಸಿರುತ್ತವೆ. ಗಾಳಿ ಬೀಸದ, ಮಂದ ಬೆಳಕಿನ ಮೂಲೆಯಲ್ಲಿ ಹಳೆಯ ಕೌದಿ ಹಾಸಿದ ರಟ್ಟಿನ ಪೆಟ್ಟಿಗೆಯೊಂದನ್ನಿಟ್ಟರೆ ಸಾಕು. ಮಕ್ಕಳು ಮಮತೆಯಿಂದಲೇ ಮರಿಗಳನ್ನು ಪದೇ ಪದೇ ಎತ್ತಿಕೊಂಡರೂ ತಾಯಿ ಬೆದರಿ ಅವುಗಳನ್ನು ಬೇರೆಡೆಗೆ ಹೊತ್ತೊಯ್ಯಬಹುದು. ದೂರ ನಿಲ್ಲುವುದೂ ಇಲ್ಲಿ ದಯೆಯೇ.

ಎರಡನೆಯದು ಔಷಧ. ತಾಯಿ ಆಹಾರ ಬಿಟ್ಟರೆ, ಮೊಲೆಗಳು ಗಟ್ಟಿಯಾಗಿ ಬಿಸಿಯಾದರೆ, ದುರ್ವಾಸನೆಯ ಸ್ರಾವ ಕಂಡರೆ, ಮೈ ನಡುಗಿ ಸೆಟೆದುಕೊಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ನಡುಕವು ಹಾಲುಣಿಸುವ ತಾಯಿಯ ರಕ್ತದಲ್ಲಿ ಸುಣ್ಣದಂಶ ಕುಸಿದುದರ ಸೂಚನೆಯಾಗಿರಬಹುದು. ತಡವಾದರೆ ಪ್ರಾಣಕ್ಕೇ ಅಪಾಯ.

ಕಠಿಣವಾದುದು ಆಹಾರದ ಪ್ರಶ್ನೆ. ಹಾಲೂಡುವ ಬೆಕ್ಕಿಗೆ ಎಂದಿನ ಎರಡು ಮೂರು ಪಟ್ಟು ಆಹಾರ ಬೇಕು. ಹಾಲು ಅನ್ನವಷ್ಟೇ ಅದರ ದೇಹಕ್ಕೆ ಸಾಲದು. ಅನೇಕ ಬೆಕ್ಕುಗಳಿಗೆ ಹಸುವಿನ ಹಾಲು ಜೀರ್ಣವೂ ಆಗದು. ಅಹಿಂಸಾಣುವ್ರತಕ್ಕೆ ಬಂಧನ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ, ತನ್ನ ಆಹಾರನಿಯಮವನ್ನೇ ಅದರ ಮೇಲೂ ಹೇರಿ, ಅದು ಸೊರಗುವುದನ್ನು ನೋಡುತ್ತ ತೃಪ್ತಿಪಡುವವನು ಮೊದಲನೆಯ ಮತ್ತು ಕೊನೆಯ ಅತಿಚಾರಗಳೆರಡಕ್ಕೂ ಸಮೀಪನಾಗುತ್ತಾನೆ. ವ್ರತವು ತನ್ನನ್ನು ನಿಗ್ರಹಿಸಿಕೊಳ್ಳಲು ಸ್ವೀಕರಿಸಿದ್ದು, ಅರಿಯದ ತಿರ್ಯಂಚ ಜೀವಿಯ ಹಸಿವನ್ನು ನಿಗ್ರಹಿಸಲು ಅಲ್ಲ.

ಹಾಗೆಂದು ಶ್ರಾವಕನು ತನ್ನ ಅಡುಗೆಮನೆಯ ಶುದ್ಧಿಯನ್ನು ಕೈಬಿಡಬೇಕಿಲ್ಲ. ತಕ್ಕ ಆಹಾರವನ್ನು ಸಹಜವಾಗಿ ಕೊಡಬಲ್ಲ ನೆರೆಯ ಮನೆಗೆ ತಾಯಿ, ಮರಿಗಳನ್ನು ಒಟ್ಟಿಗೇ ಒಪ್ಪಿಸುವುದು ಪ್ರಾಮಾಣಿಕ ಮಾರ್ಗ. ಒಪ್ಪಿಸಿದ ಮಾತ್ರಕ್ಕೆ ಹೊಣೆ ತೀರದು. ಔಷಧದ ವೆಚ್ಚ, ನೀರು, ನೆರಳು, ಮರಿಗಳಿಗೆ ಮನೆ ಹುಡುಕುವ ಶ್ರಮ ಇವೆಲ್ಲ ಆತನ ಪಾಲಿಗೆ ಉಳಿದೇ ಇರುತ್ತವೆ. ಎಂಟು ವಾರ ತುಂಬುವ ಮೊದಲೇ ಮರಿಗಳನ್ನು ತಾಯಿಯಿಂದ ಅಗಲಿಸದಂತೆ ನೋಡಿಕೊಳ್ಳುವುದೂ ಆ ಹೊಣೆಯ ಭಾಗ.

ಸವದತ್ತಿಯ ಶಾಸನಗಳು ರಟ್ಟ ಅರಸರ ಕಾಲದಲ್ಲಿ ಜಿನಾಲಯಗಳಿಗೆ ಸಂದ ಭೂದತ್ತಿಗಳನ್ನು ಸ್ಮರಿಸುತ್ತವೆ. ಭೂಮಿಯನ್ನು ದತ್ತಿ ಬಿಡುವುದು ಎಲ್ಲರಿಗೂ ಸಾಧ್ಯವಲ್ಲ. ದಯಾದತ್ತಿಗಾದರೋ ಮನೆಯ ಒಂದು ಮೂಲೆ ಮತ್ತು ಎಂಟು ವಾರಗಳ ತಾಳ್ಮೆ ಸಾಕು.